ಮೆಡಿಕಲ್ ಸೀಟು ಸಿಕ್ಕಿತು, ಬೂಟು ಎಲ್ಲಿ ಹೋಯಿತು?

ಕಾಸರಗೋಡು, ಮಂಜೇಶ್ವರ, ಉಳ್ಳಾಲ ಕಡೆ ಚೆಂಡು ಒದೆಯದೆ ಬೆಳೆದ ಹುಡುಗರು ಕಡಿಮೆ. ಆದರೆ ಪ್ಲಸ್ ಟು ಬಂತೆಂದರೆ ಆಟ ಬಂದ್. ನೀಟ್ ಕೋಚಿಂಗ್ ಶುರುವಾದ ಕೂಡಲೇ ಬೂಟು ಅಟ್ಟ ಸೇರುತ್ತದೆ. ‘ಡಾಕ್ಟರ್ ಆಗುವವನಿಗೆ ಆಟ ಎಂತಕ್ಕೆ?’ ಎನ್ನುವುದು ಮನೆಮಂದಿಯ ಪ್ರಶ್ನೆ. ಸೀಟು ಸಿಕ್ಕಿದ ಮೇಲೂ ಹೆಚ್ಚಿನವರ ಬೂಟು ಅಟ್ಟದಿಂದ ಇಳಿಯುವುದಿಲ್ಲ.

ಆ ಪ್ರಶ್ನೆಗೆ ಉತ್ತರ 1948ರಲ್ಲೇ ಸಿಕ್ಕಿತ್ತು. ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಫುಟ್ಬಾಲ್ ತಂಡವನ್ನು ಮುನ್ನಡೆಸಿದ ನಾಗಾ ಯುವಕ ತಾಲಿಮೆರೆನ್ ಆವೊ ಆಗ ಕಲ್ಕತ್ತಾದಲ್ಲಿ ವೈದ್ಯಕೀಯ ವಿದ್ಯಾರ್ಥಿ. ಬಳಿಕ ಊರಿಗೆ ಮರಳಿ ವೈದ್ಯರಾದರು.

ಈಗ ಕಾಗದದಲ್ಲೂ ಆಟಕ್ಕೆ ಜಾಗ ಉಂಟು. 2019ರ ಎಂಬಿಬಿಎಸ್ ಪಠ್ಯಕ್ರಮ ಆರಂಭಿಕ ತರಬೇತಿಯ 175 ಗಂಟೆಗಳಲ್ಲಿ 22 ಗಂಟೆಯನ್ನು ಕ್ರೀಡೆ ಮತ್ತು ಪಠ್ಯೇತರ ಚಟುವಟಿಕೆಗೆ ಇಟ್ಟಿತು. ನಿಜವಾದ ಕಷ್ಟ ಬರುವುದು ಆಮೇಲೆ. ಥಿಯರಿಗೆ ಶೇ. 75, ಪ್ರಾಕ್ಟಿಕಲ್‌ಗೆ ಶೇ. 80 ಹಾಜರಾತಿ ಬೇಕು. ಒಂದು ಟೂರ್ನಿಗೆಂದು ವಾರ ಹೋದರೆ ವಾರ್ಡಿನ ಪೋಸ್ಟಿಂಗ್ ತಪ್ಪುತ್ತದೆ. ವಿಶ್ವವಿದ್ಯಾನಿಲಯದ ಜೆರ್ಸಿ ಹಾಕಿ ಆಡಿದವನು ತರಗತಿಯಲ್ಲಿ ಗೈರುಹಾಜರಾದರೆ, ಮುಂದಿನ ವರ್ಷ ಯಾರು ಹೆಸರು ಕೊಡುತ್ತಾರೆ?

ತಂಡ ಸೇರುವ ದಾರಿಯೂ ಎಲ್ಲರಿಗೆ ಒಂದೇ ಅಲ್ಲ. ದೇರಳಕಟ್ಟೆಯಲ್ಲೇ ನೋಡಿ. ಯೆನೆಪೋಯ, ಕೆ.ಎಸ್. ಹೆಗ್ಡೆ ಕಾಲೇಜುಗಳು ಡೀಮ್ಡ್ ವಿವಿಗಳಿಗೆ ಸೇರಿದವು. ಹತ್ತಿರದ ಕಣಚೂರು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿವಿಯದ್ದು. ಡೀಮ್ಡ್ ವಿವಿಯಲ್ಲಿ ಕಾಲೇಜುಗಳು ಕೆಲವೇ ಆದ್ದರಿಂದ ವಿವಿ ತಂಡಕ್ಕೆ ಪೈಪೋಟಿ ಕಡಿಮೆ. ರಾಜೀವ್ ಗಾಂಧಿ ವಿವಿಯಲ್ಲಾದರೆ ರಾಜ್ಯದ ನೂರಾರು ಕಾಲೇಜುಗಳ ನಡುವೆ ಎದ್ದು ಕಾಣಬೇಕು. ಆದರೆ ಅಂತರ ವಿವಿ ಕೂಟದಲ್ಲಿ ಇಬ್ಬರಿಗೂ ಎದುರಾಗುವುದು ಅಥ್ಲೆಟಿಕ್ಸ್‌ನಲ್ಲಿ ಮಂಗಳೂರು ವಿವಿ, ಫುಟ್ಬಾಲ್‌ನಲ್ಲಿ ಕ್ಯಾಲಿಕಟ್ ವಿವಿಯಂಥ ಘಟಾನುಘಟಿಗಳೇ. ಬೆಳಗ್ಗೆ ಸಂಜೆ ಅಭ್ಯಾಸ ಮಾಡುವವರ ಮುಂದೆ ಅನಾಟಮಿ ಪುಸ್ತಕ ಮುಚ್ಚಿಟ್ಟು ಬಂದವರು ಪದಕ ಗೆಲ್ಲುವುದು ಸುಲಭವಲ್ಲ. ಹನ್ನೊಂದು ಜನರನ್ನು ಒಂದೇ ಹೊತ್ತಿಗೆ ಸೇರಿಸಬೇಕಾದ ಫುಟ್ಬಾಲ್‌ಗಿಂತ ಶಟ್ಲ್, ಟೇಬಲ್ ಟೆನಿಸ್, ಚೆಸ್, ಓಟ ಮೆಡಿಕಲ್ ಟೈಮ್‌ಟೇಬಲ್‌ಗೆ ಹೆಚ್ಚು ಹೊಂದುತ್ತವೆ. ಫುಟ್ಬಾಲ್ ಪ್ರೇಮಿಗಳಿಗೆ ಬೇಸರವಾಗಬಹುದು, ಆದರೆ ವಾಸ್ತವ ಅದೇ.

ಹುಡುಗಿಯರ ವಿಷಯ ಇನ್ನೂ ಗಂಭೀರ. ಸಮುದಾಯದ ಹೆಣ್ಣುಮಕ್ಕಳು ವೈದ್ಯಕೀಯ ಓದುತ್ತಿದ್ದಾರೆ, ಮೈದಾನದಲ್ಲಿ ಮಾತ್ರ ಕಾಣುವುದು ಅಪರೂಪ. ಉಡುಪು ಅಡ್ಡಿ ಎನ್ನುವ ಮಾತು ಹಳೆಯದಾಯಿತು. ತಲೆವಸ್ತ್ರ ಧರಿಸಿ ಆಡಲು ಫುಟ್ಬಾಲ್‌ನ ಫಿಫಾ 2014ರಲ್ಲಿ, ಬಾಸ್ಕೆಟ್‌ಬಾಲ್‌ನ ಫಿಬಾ 2017ರಲ್ಲಿ ಅನುಮತಿ ಕೊಟ್ಟಿವೆ. ಕೊರತೆ ಇರುವುದು ಅನುಕೂಲದ ಸಮಯಕ್ಕೆ, ಮಹಿಳಾ ಕೋಚ್‌ಗೆ, ‘ಹೋಗು ಮೋಳೆ, ಆಡು’ ಎನ್ನುವ ಮನೆಗೆ.

ಅಡ್ಮಿಷನ್ ಹೊತ್ತಿಗೆ ಪೋಷಕರು ಫೀಸು, ಹಾಸ್ಟೆಲ್, ಆಸ್ಪತ್ರೆಯ ಬೆಡ್ಡು ಎಲ್ಲ ವಿಚಾರಿಸುತ್ತಾರೆ. ದೈಹಿಕ ಶಿಕ್ಷಣ ನಿರ್ದೇಶಕರು ಇದ್ದಾರಾ, ಇಂಡೋರ್ ಕೋರ್ಟ್ ರಾತ್ರಿ ಎಷ್ಟು ಗಂಟೆವರೆಗೆ ತೆರೆದಿರುತ್ತದೆ, ಟೂರ್ನಿಗೆ ಹೋದ ದಿನದ ಹಾಜರಾತಿ ಲಿಖಿತವಾಗಿ ಸಿಗುತ್ತದಾ ಎಂದು ಅದೇ ಕೌಂಟರ್‌ನಲ್ಲಿ ಕೇಳಬಹುದು. ಇದಕ್ಕೆ ಫೀಸು ಬೇರೆ ಇಲ್ಲ.