ವಿಶ್ವ ಚೆಸ್ | ಬದಿಯಿಂದ ನುಗ್ಗಿದ ಗುಕೇಶ್, ಅದೇ ದಾರಿಯಲ್ಲಿ ಡಿಂಗ್ ತಿರುಗೇಟು

ಸಿಂಗಪುರ: ಸತತ ಏಳು ಪಂದ್ಯ ಡ್ರಾ. ಬಳಿಕ ಎರಡೇ ದಿನದಲ್ಲಿ ಎರಡು ಗೆಲುವು. 2024ರ ಡಿಸೆಂಬರ್ 8ರಂದು ಚೆನ್ನೈನ, ಆಗ 18 ವರ್ಷದ ಗುಕೇಶ್, ಮರುದಿನ ಅಂದಿನ ಚಾಂಪಿಯನ್, ಚೀನಾದ ಡಿಂಗ್ ಲಿರೆನ್. ಆಗ ಅಂಕ 6–6 ಆಯಿತು. ಎರಡರಲ್ಲೂ ಗೆದ್ದವರು ಆಟ ಶುರು ಮಾಡಿದ್ದು ಮಧ್ಯದ ಪಾನ್‌ಗಳಿಂದಲ್ಲ, ಬದಿಯಿಂದ.

11ನೇ ಪಂದ್ಯದಲ್ಲಿ ಗುಕೇಶ್ ಮೊದಲು ನೈಟ್ ಎತ್ತಿದರು, ನಂತರ ಸಿ4, ಮೂರನೆಯದಾಗಿ ಬಿ4. ರೇಟಿ ಓಪನಿಂಗ್‌ನ ಈ ಧಾಟಿ ಹೊಸದೇನಲ್ಲ. ಅದಕ್ಕೆ ಸರಿಯಾಗಿ ನೂರು ವರ್ಷದ ಹಿಂದೆ, 1924ರ ನ್ಯೂಯಾರ್ಕ್ ಟೂರ್ನಿಯಲ್ಲಿ ರಿಚರ್ಡ್ ರೇಟಿ ಇದೇ ಮೂರು ನಡೆಗಳಿಂದ ಆರಂಭಿಸಿ, ಎಂಟು ವರ್ಷ ಸೋಲೇ ಕಾಣದ ಕಾಪಾಬ್ಲಾಂಕಾ ಅವರನ್ನು ಮಣಿಸಿದ್ದರು.

ಬಿ4 ಕಂಡ ಡಿಂಗ್ ನಾಲ್ಕನೇ ನಡೆಗೇ ಅರ್ಧ ಗಂಟೆಗೂ ಹೆಚ್ಚು ಯೋಚಿಸಿದರು. ಇಲ್ಲಿ ಮೊದಲ 40 ನಡೆಗಳಿಗೆ ಸಿಗುವುದು 120 ನಿಮಿಷ. ಅಲ್ಲಿಯವರೆಗೆ ಪ್ರತಿ ನಡೆಗೆ ಹೆಚ್ಚುವರಿ ಸೆಕೆಂಡುಗಳಿಲ್ಲ. ಆರಂಭದಲ್ಲಿ ಕಳೆದ ಸಮಯ ಮರಳಿ ಬರುವುದಿಲ್ಲ. ಹಾಗೆಂದು ಗುಕೇಶ್‌ಗೂ ಎಲ್ಲ ಸಲೀಸಾಗಿರಲಿಲ್ಲ, 11ನೇ ನಡೆಗೆ ಅವರು ಸುಮಾರು ಒಂದು ಗಂಟೆ ತೆಗೆದುಕೊಂಡರು.

ಪಂದ್ಯದ ಸೊಗಸು ಒಂದು ನೈಟ್‌ನಲ್ಲಿದೆ. 25ನೇ ನಡೆಯಲ್ಲಿ ಅದು ಮೂಲೆಯ ಎ1ಕ್ಕೆ ಹಿಂದೆ ಸರಿಯಿತು. ನೋಡಿದವರಿಗೆ ವಿಚಿತ್ರ ಎನಿಸಿರಬೇಕು. ಎರಡೇ ನಡೆಯಲ್ಲಿ ಬಿ3 ದಾಟಿ ಸಿ5ರಲ್ಲಿ ಕುಳಿತು, ಕಪ್ಪಿನ ಬಿ7 ಪಾನ್‌ಗೆ ಕಣ್ಣಿಟ್ಟಿತು. ಹಿಂದೆಯೇ ಎರಡನೇ ರೂಕ್ ಕೂಡ ಬಿ ಸಾಲಿಗೆ ಬಂತು. ಸಮಯದ ಒತ್ತಡದಲ್ಲಿದ್ದ ಡಿಂಗ್ 28ನೇ ನಡೆಯಲ್ಲಿ ಕ್ವೀನ್ ಅನ್ನು ಸಿ8ಕ್ಕೆ ಸರಿಸಿ ಎಡವಿದರು. ಗುಕೇಶ್ ಕ್ವೀನ್‌ನಿಂದಲೇ ಸಿ6ರ ನೈಟ್ ಹೊಡೆದರು. ಪಾನ್‌ನಿಂದ ಮರಳಿ ಹೊಡೆದರೆ ಬಿ ಸಾಲು ತೆರೆದು ರೂಕ್‌ಗಳು ಒಳನುಗ್ಗುತ್ತವೆ. ಡಿಂಗ್ ಅಲ್ಲೇ ಸೋಲೊಪ್ಪಿದರು.

12ನೇ ಪಂದ್ಯದಲ್ಲಿ ಪಾತ್ರ ಅದಲು ಬದಲು. ಇಂಗ್ಲಿಷ್ ಓಪನಿಂಗ್ ಆಡಿದ ಡಿಂಗ್ 39 ನಡೆಗಳಲ್ಲಿ ಗೆದ್ದರು. ಗಮನಿಸಬೇಕಾದ ಸಾಮ್ಯ ಒಂದಿದೆ: ಎರಡೂ ದಿನ ಕಪ್ಪು ಕಾಯಿಯವರು ಬೇಗನೆ ಪಾನ್ ಅನ್ನು ಡಿ4ಕ್ಕೆ ನೂಕಿ ಜಾಗ ಹಿಡಿದರು, ಎರಡೂ ದಿನ ಆ ಹಿಡಿತ ಫಲ ಕೊಡಲಿಲ್ಲ. ಗುಕೇಶ್ ಅದನ್ನು ಏಳನೇ ನಡೆಯಲ್ಲೇ ವಿನಿಮಯ ಮಾಡಿಕೊಂಡರು. ಕೊನೆಗೆ ಮಧ್ಯದಲ್ಲಿ ನುಗ್ಗಿದ್ದು ಡಿಂಗ್ ಅವರ ಪಾನ್.

ಬದಿಯ ಆರಂಭವೇ ಗೆಲುವಿನ ಕೀಲಿ ಎನ್ನಲಾಗದು. 7ನೇ ಪಂದ್ಯವನ್ನೂ ಗುಕೇಶ್ ನೈಟ್‌ನಿಂದಲೇ ಆರಂಭಿಸಿದ್ದರು, ಗೆಲ್ಲುವ ಸ್ಥಿತಿ ತಲುಪಿಯೂ 72 ನಡೆಗಳ ಬಳಿಕ ಡ್ರಾಗೆ ತೃಪ್ತಿಪಟ್ಟರು.

ಬುಧವಾರದ 13ನೇ ಪಂದ್ಯದಲ್ಲಿ ಗುಕೇಶ್‌ಗೆ ಬಿಳಿ ಕಾಯಿ ಇತ್ತು, ಕ್ಲಾಸಿಕಲ್ ಸರಣಿಯಲ್ಲಿ ಅದು ಕೊನೆಯ ಬಾರಿಯಾಗಿತ್ತು. ಗುರುವಾರ ಬಿಳಿ ಡಿಂಗ್ ಅವರದಾಗಿತ್ತು.