ಬಣ್ಣದ ಸಾಕ್ಷಿ

ಹೆಚ್ಚಿದ ಬದನೆಯ ಹೋಳುಗಳನ್ನು ನೀರಿನಲ್ಲಿ ಮುಳುಗಿಸಿಡುವುದು ನಮ್ಮ ಅಡಿಗೆಮನೆಗಳ ಹಳೆಯ ವಾಡಿಕೆ. ಗಾಳಿಗೆ ಬಿಟ್ಟರೆ ಅವು ಕಂದುತ್ತವೆ. ಆಮ್ಲಜನಕವು ನಡೆಸುವ ಈ ಬಗೆಯ ಕ್ರಿಯೆಗೆ ಉತ್ಕರ್ಷಣವೆಂದು ಹೆಸರು. ಅದನ್ನು ತಡೆಯುವ ವಸ್ತುಗಳು ಉತ್ಕರ್ಷಣ ನಿರೋಧಕಗಳು. ನೆಲ್ಲಿ, ನಿಂಬೆಗಳಲ್ಲಿರುವ ‘ಸಿ’ ಜೀವಸತ್ವ ಅವುಗಳಲ್ಲೊಂದು.

ಈ ಗುಣವನ್ನು ಅಳೆಯುವುದು ಹೇಗೆ? ಅದು ಸೇರು ಪಾವುಗಳಿಗೆ ಸಿಲುಕುವಂಥದಲ್ಲ. ಆದುದರಿಂದ ರಸಾಯನಜ್ಞರು ಬಣ್ಣವನ್ನೇ ಸಾಕ್ಷಿಗೆ ಕರೆದರು. ಡಿ.ಪಿ.ಪಿ.ಎಚ್. ಎಂಬ ವಸ್ತುವಿನ ದ್ರಾವಣ ಕಡುನೇರಳೆ. ಅದರ ಅಣುವಿನಲ್ಲಿ ಜೊತೆಯಿಲ್ಲದ ಎಲೆಕ್ಟ್ರಾನ್ ಒಂದಿದೆ. ನಿರೋಧಕವನ್ನು ಬೆರೆಸಿದೊಡನೆ ಆ ಒಂಟಿಗೆ ಜೊತೆ ದೊರೆತು, ನೇರಳೆ ಮಾಸಿ ಹಳದಿ ಮೂಡುತ್ತದೆ. 517 ನ್ಯಾನೊಮೀಟರ್ ಅಲೆಯುದ್ದದ ಬೆಳಕನ್ನು ಹಾಯಿಸಿ, ಬಣ್ಣವೆಷ್ಟು ಕುಂದಿತೆಂದು ಉಪಕರಣದಿಂದ ಅಳೆಯುತ್ತಾರೆ. ಬ್ಲಾಯ್ಸ್ ಎಂಬ ವಿಜ್ಞಾನಿ ಈ ವಿಧಾನವನ್ನು 1958ರಲ್ಲಿ ಪ್ರಕಟಿಸಿದನು. ಬೆಂಜಿ ಮತ್ತು ಸ್ಟ್ರೇನ್ 1996ರಲ್ಲಿ ವಿವರಿಸಿದ ‘ಫ್ರ್ಯಾಪ್’ ಪರೀಕ್ಷೆಯಲ್ಲಿ ಸಾಕ್ಷಿಯಾಗುವುದು ಕಬ್ಬಿಣ: ಫೆರಿಕ್ ರೂಪದ ಕಬ್ಬಿಣ ಫೆರಸ್ ಆದಂತೆಲ್ಲ ದ್ರಾವಣ ನೀಲಿಯಾಗುತ್ತದೆ.

ಆದರೆ ಸಾಕ್ಷಿಯು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತಾನಷ್ಟೆ. ನಮ್ಮ ಜೀವಕೋಶಗಳ ಮುಖ್ಯ ರಕ್ಷಕಗಳಲ್ಲೊಂದಾದ ಗ್ಲೂಟಥಯೋನ್ ಫ್ರ್ಯಾಪ್ ಪರೀಕ್ಷೆಯಲ್ಲಿ ಬಹುಮಟ್ಟಿಗೆ ಮೂಕವಾಗಿಯೇ ಉಳಿಯುತ್ತದೆ. ಅದಕ್ಕೆ ಗುಣವಿಲ್ಲವೆಂದು ಹೇಳಲಾದೀತೆ? ತಿಂದ ಹಣ್ಣು ಜೀರ್ಣವಾಗಬೇಕು, ರಕ್ತಕ್ಕೆ ಸೇರಬೇಕು, ಅಲ್ಲಿ ರೂಪಾಂತರಗೊಳ್ಳಬೇಕು. ಗಾಜಿನ ನಳಿಕೆ ಇದಾವುದನ್ನೂ ಅರಿಯದು.

ಈ ಅಂತರವನ್ನು ಮರೆತವರಿಗೆ ಅಂಕಿಗಳು ಜಾಹೀರಾತಿನ ಸರಕಾದುವು. ಅಮೆರಿಕದ ಕೃಷಿ ಇಲಾಖೆಯು ‘ಓರ್ಯಾಕ್’ ಎಂಬ ಇನ್ನೊಂದು ಪರೀಕ್ಷೆಯ ಅಂಕಿಗಳನ್ನು ನೂರಾರು ಆಹಾರಗಳಿಗೆ ಪಟ್ಟಿಮಾಡಿತ್ತು. ಅವು ದೇಹದಲ್ಲಿ ಆಗುವ ಪರಿಣಾಮವನ್ನು ಸೂಚಿಸುವುದಿಲ್ಲ, ವ್ಯಾಪಾರಿಗಳು ದುರುಪಯೋಗ ಮಾಡುತ್ತಿದ್ದಾರೆ ಎಂದು 2012ರಲ್ಲಿ ಆ ಪಟ್ಟಿಯನ್ನೇ ಹಿಂತೆಗೆದುಕೊಂಡಿತು.

ಫಿನ್ಲೆಂಡಿನ ಪಾಠ ಇನ್ನೂ ಕಠೋರವಾದುದು. ಅಲ್ಲಿ ಧೂಮಪಾನಿಗಳಾದ 29,133 ಪುರುಷರ ಮೇಲೆ ನಡೆದ ಪ್ರಯೋಗದಲ್ಲಿ ಕೆಲವರಿಗೆ ಬೀಟಾ ಕ್ಯಾರೊಟೀನ್ ಗುಳಿಗೆ ಕೊಡಲಾಯಿತು. ಇದೂ ನಿರೋಧಕವೇ. 1994ರಲ್ಲಿ ಫಲಿತಾಂಶ ಹೊರಬಿತ್ತು: ಆ ಗುಳಿಗೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಮೆಯಾಗುವ ಬದಲು ಶೇಕಡ 18ರಷ್ಟು ಹೆಚ್ಚಾಗಿತ್ತು!

ಪರೀಕ್ಷೆಗಳು ಸುಳ್ಳಲ್ಲ. ಎರಡು ಮಾದರಿಗಳನ್ನು ಹೋಲಿಸಲು, ಎಣ್ಣೆ ಕಮಟದಂತೆ ಕಾಪಾಡುವ ವಸ್ತುಗಳನ್ನು ಹುಡುಕಲು ಅವು ಉಪಯುಕ್ತ. ನಳಿಕೆಯ ಮಾತನ್ನು ನಳಿಕೆಯ ಮಟ್ಟಿಗೆ ನಂಬೋಣ. ಡಬ್ಬಿಯ ಮೇಲಿನ ದೊಡ್ಡ ಅಂಕಿಗೆ ದುಡ್ಡು ತೆರುವ ಮುನ್ನ ವಾಚಕರು ಒಂದೇ ಪ್ರಶ್ನೆ ಕೇಳಲಿ: ಅಳೆದುದು ಎಲ್ಲಿ, ಗಾಜಿನಲ್ಲಿಯೋ ಮೈಯಲ್ಲಿಯೋ?