ತಿರುಗುವ ಯಂತ್ರ, ಒಣಗದ ಬಟ್ಟೆ

ಮಲೆನಾಡು, ಕರಾವಳಿಗಳಲ್ಲಿ ಆಷಾಢ ಬಂತೆಂದರೆ ಬಟ್ಟೆ ಒಣಗಿಸುವುದೇ ಒಂದು ಉದ್ಯೋಗ. ಹಿಂದೆ ಬಚ್ಚಲೊಲೆಯ ಮೇಲೆ ಬಿದಿರಿನ ಗಳ ಕಟ್ಟಿ ಒದ್ದೆ ಬಟ್ಟೆ ಹರವುತ್ತಿದ್ದರು. ಬಟ್ಟೆ ಒಣಗುತ್ತಿತ್ತು, ಜತೆಗೆ ಹೊಗೆಯ ವಾಸನೆಯೂ ಅಂಟುತ್ತಿತ್ತು. ಈಗ ಕೆಲವು ಮನೆಗಳಿಗೆ ವಿದ್ಯುತ್ ಡ್ರೈಯರ್ ಬಂದಿದೆ. ವಾಷಿಂಗ್ ಮೆಷಿನ್‌ನಲ್ಲಿ ಗಿರಗಿರನೆ ತಿರುಗಿಸಿ ನೀರು ಹಿಂಡುವ ಭಾಗ ಇದಲ್ಲ. ಬಿಸಿಗಾಳಿ ಹಾಯಿಸಿ ಒಣಗಿಸುವ ಬೇರೆಯೇ ಯಂತ್ರ. ಜಡಿಮಳೆಯ ನಡುವೆ ಒಂದು ದಿನ ಅದು ಗಂಟೆಗಟ್ಟಲೆ ತಿರುಗಿಯೂ ಬಟ್ಟೆ ತಣ್ಣಗೆ, ಒದ್ದೆಯಾಗಿಯೇ ಹೊರಬಂದರೆ ಏನು ಮಾಡಬೇಕು?

ಯಂತ್ರ ತಿರುಗುತ್ತಿದೆ ಎಂದ ಮಾತ್ರಕ್ಕೆ ಎಲ್ಲವೂ ಸರಿಯಿದೆ ಎಂದಲ್ಲ. ಪೀಪಾಯಿಯನ್ನು ತಿರುಗಿಸುವುದು ಮೋಟಾರು. ಗಾಳಿಯನ್ನು ಕಾಯಿಸುವುದು ಹೀಟರ್ ಕಾಯಿಲ್. ಒಂದು ಕೆಟ್ಟರೂ ಇನ್ನೊಂದು ನಡೆಯಬಹುದು. ಬಟ್ಟೆಯಲ್ಲಿರುವ 1 ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ಅದು ಒಂದು ಯೂನಿಟ್ ವಿದ್ಯುತ್ತಿನ ಮೂರನೇ ಎರಡು ಭಾಗ. ಅಷ್ಟು ಶಾಖ ಒದಗದಿದ್ದರೆ ಮಳೆಗಾಲದ ತೇವಗಾಳಿಯಲ್ಲಿ ಎಷ್ಟು ತಿರುಗಿಸಿದರೂ ವ್ಯರ್ಥ.

ಮೊದಲು ನೋಡಬೇಕಾದುದು ಗುಂಡಿಗಳನ್ನು. ಬರೀ ತಣ್ಣನೆಯ ಗಾಳಿ ಬೀಸುವ ಆಯ್ಕೆಯೂ ಅನೇಕ ಯಂತ್ರಗಳಲ್ಲಿದೆ. ಮಕ್ಕಳ ಕೈ ತಗುಲಿ ಗುಂಡಿ ಅಲ್ಲಿಗೆ ಸರಿದಿರಬಹುದು. ಎರಡನೆಯದು ಜಾಲರಿ. ಬಟ್ಟೆಯಿಂದ ಉದುರುವ ನೂಲಿನ ಧೂಳು ಹಿಂಜಿದ ಹತ್ತಿಯಂತೆ ಅಲ್ಲಿ ಕೂಡಿಕೊಳ್ಳುತ್ತದೆ. ಶುಚಿ ಮಾಡಿದ ಜಾಲರಿಯ ಮೇಲೆ ಸ್ವಲ್ಪ ನೀರು ಸುರಿದು ನೋಡಿ. ಇಳಿಯದೆ ನಿಂತರೆ ಕಣ್ಣಿಗೆ ಕಾಣದ ಜಿಡ್ಡು ಕಟ್ಟಿದೆ ಎಂದರ್ಥ. ಸೋಪು ಹಾಕಿ ಉಜ್ಜಿ ತೊಳೆದು, ಒಣಗಿಸಿ ಹಾಕಬೇಕು. ಮೂರನೆಯದು, ತೇವಗಾಳಿಯನ್ನು ಹೊರಗೆ ಬಿಡುವ ಕೊಳವೆ. ಯಂತ್ರವನ್ನು ಗೋಡೆಗೆ ಒತ್ತಿ ಇಟ್ಟಾಗ ಅದು ಮಡಚಿಕೊಳ್ಳುವುದುಂಟು. ಒಳಗೆ ಧೂಳು ಕಟ್ಟಿಕೊಳ್ಳುವುದೂ ಉಂಟು.

ಹಳ್ಳಿಗಳಲ್ಲಿ ವೋಲ್ಟೇಜನ್ನೂ ಗಮನಿಸಬೇಕು. 230 ವೋಲ್ಟ್‌ನಲ್ಲಿ 2,000 ವಾಟ್ ಕೊಡುವ ಹೀಟರ್, 160 ವೋಲ್ಟ್‌ಗೆ ಇಳಿದಾಗ 1,000 ವಾಟನ್ನೂ ಕೊಡಲಾರದು. ಅಂಥ ಹೊತ್ತಿನಲ್ಲಿ ತಪ್ಪು ಯಂತ್ರದ್ದಲ್ಲ.

ಇಷ್ಟೆಲ್ಲ ಸರಿಯಿದ್ದೂ ಬಿಸಿಯಾಗದಿದ್ದರೆ ಎಲೆಕ್ಟ್ರಿಷಿಯನ್ನನ್ನೇ ಕರೆಯಬೇಕು. ಪ್ಲಗ್ ಕಿತ್ತಿಟ್ಟು, ಮೀಟರ್ ಹಿಡಿದು ಆತ ಎರಡು ಕಡೆ ಪರೀಕ್ಷಿಸುತ್ತಾನೆ. 2,000 ವಾಟ್‌ನ ಕಾಯಿಲ್ ನೆಟ್ಟಗಿದ್ದರೆ ಸುಮಾರು 26 ಓಮ್ ರೋಧ ತೋರುತ್ತದೆ. ತುಂಡಾಗಿದ್ದರೆ ಮೀಟರ್ ಏನನ್ನೂ ತೋರದು. ಇನ್ನೊಂದು, ಥರ್ಮಲ್ ಫ್ಯೂಸ್. ಒಳಗಿನ ಬಿಸಿ ಮಿತಿ ಮೀರಿದಾಗ ವಿದ್ಯುತ್ತನ್ನು ಕಡಿದುಹಾಕುವ ಈ ಪುಟ್ಟ ಸಾಧನ ಒಮ್ಮೆ ಕಡಿದರೆ ಮತ್ತೆ ಕೂಡುವುದಿಲ್ಲ, ಹೊಸದನ್ನೇ ಹಾಕಬೇಕು.

ಅಪಾಯವಿರುವುದು ಇಲ್ಲಿಯೇ. ‘ಫ್ಯೂಸ್ ಹೋಗಿದೆ, ಸದ್ಯಕ್ಕೆ ಒಂದು ತಂತಿ ಜೋಡಿಸಿದರಾಯಿತು’ ಎನ್ನುವವರಿದ್ದಾರೆ. ಯಂತ್ರ ತಕ್ಷಣ ಬಿಸಿಯಾಗುತ್ತದೆ, ಮನೆಯವರಿಗೂ ಸಮಾಧಾನ. ಆದರೆ ಫ್ಯೂಸ್ ಕಡಿದದ್ದೇಕೆ? ಬಹಳ ಸಲ ಕೊಳವೆ ಕಟ್ಟಿಕೊಂಡು ಬಿಸಿಗಾಳಿ ಹೊರಹೋಗಲಾರದೆ ಒಳಗೇ ಉಳಿದದ್ದರಿಂದ. ಕೊಳವೆಯನ್ನು ಬಿಟ್ಟು ಫ್ಯೂಸಿಗೆ ತಂತಿ ಸುತ್ತುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಬರೆ ಹಾಕಿದ್ದಷ್ಟೇ ಅಲ್ಲ, ಕಾವಲುಗಾರನನ್ನೂ ಮನೆಗೆ ಕಳಿಸಿದಂತೆ. ನೂಲಿನ ಧೂಳಾದರೋ ಕಿಡಿಗಾಗಿ ಕಾದು ಕುಳಿತ ಅರಳೆ.

ಡ್ರೈಯರ್ ಬಳಕೆ ಹೆಚ್ಚಿರುವ ಅಮೆರಿಕದಲ್ಲಿ 2008ರಿಂದ 2010ರವರೆಗೆ ವರ್ಷಕ್ಕೆ ಸುಮಾರು 2,900 ಬೆಂಕಿ ಅನಾಹುತಗಳು ಮನೆಗಳ ಡ್ರೈಯರಿನಿಂದ ಆದವೆಂದು ಅಲ್ಲಿನ ಸರ್ಕಾರದ ಅಗ್ನಿ ಸುರಕ್ಷಾ ಇಲಾಖೆ ಅಂದಾಜು ಮಾಡಿತು. ಕಾರಣಗಳಲ್ಲಿ ಮೊದಲನೆಯದು ಶುಚಿ ಮಾಡದಿರುವುದು. ಅದರ ಪಾಲು ಶೇಕಡಾ 34.

ಆದ್ದರಿಂದ ಪ್ರತಿ ಸಲ ಬಟ್ಟೆ ತೆಗೆದ ಮೇಲೆ ಜಾಲರಿ ಒರೆಸಿ. ಮಳೆಗಾಲಕ್ಕೆ ಮೊದಲು ಕೊಳವೆ ಬಿಚ್ಚಿ ಶುಚಿ ಮಾಡಿಸಿ. ಯಂತ್ರ ಓಡುತ್ತಿರುವಾಗ ಮಲಗಬೇಡಿ. ಫ್ಯೂಸ್ ಹೋದರೆ ಹೊಸದನ್ನು ಹಾಕುವ ಮೊದಲು ಹಳೆಯದು ಏಕೆ ಹೋಯಿತೆಂದು ಕೇಳಿ. ಬಟ್ಟೆ ಒಂದು ದಿನ ತಡವಾಗಿ ಒಣಗಿದರೆ ನಷ್ಟವೇನಿಲ್ಲ.